ಸೋಸಲೆ ಮನೆಯ ಪುಡಿ ಡಬ್ಬಿ

ಬಾಟ್ಲಿ ತಳದಲ್ಲಿ ಬೆಳ್ಳಗೆ ಏನೋ ಕೂತಿತ್ತು.

ಮೊದಲು ನೋಡಿದ್ದು ಪವಿತ್ರ. ಆಮೇಲೆ ನಮ್ಮ ಕಂಡಕ್ಟರ್ ಮಂಗಳಮ್ಮ. ಕೊನೇಗೆ, ಮುಂದಿನ ಕನ್ನಡೀಲಿ, ನಾನು — ಡ್ರೈವರ್ ರಾಚಯ್ಯ. ಸೋಸಲೆಯಿಂದ ನರಸೀಪುರದ ಮೇಲೆ ನಂಜನಗೂಡಿಗೆ ಬೆಳಿಗ್ಗೆ ಏಳೂಕಾಲಿಗೆ ಹೊರಡೋ ಬಸ್ಸು ನಮ್ಮದು. ಹದಿನೆಂಟು ವರ್ಷದಿಂದ ಓಡಿಸ್ತಿದ್ದೀನಿ. ಒಂದ್ಸಲ ಕಪಿಲೆ ತುಂಬಿ ಬಂದಾಗ ಬಸ್ಸನ್ನ ನೀರಿನ ಮೇಲೇ ಓಡಿಸಿ ಆಚೆ ದಡ ಸೇರಿಸಿದ್ದೆ. ಮೀನುಗಳು ಹಿಂದೆಯಿಂದ ತಲೆ ಕೊಟ್ಟು ತಳ್ಳಿದ್ವು. ನಂಬದವರು ನಂಬಬೇಡಿ. ಆದರೆ ಈಗ ಹೇಳೋದಕ್ಕೆ ನಾನು ಒಂದು ಮಾತೂ ಸೇರಿಸಿಲ್ಲ. ಸೇರಿಸೋಕೆ ಜಾಗಾನೇ ಇರಲಿಲ್ಲ.

ಪವಿತ್ರ ನಮ್ಮ ಮಂಗಳಮ್ಮನ ಊರಾದ ಹದಿನಾರು ಕಡೆಯ ಹುಡುಗಿ. ಸ್ಕೂಲ್ ಪಾಸ್ ಹಿಡ್ಕೊಂಡು ಇದೇ ಬಸ್ಸಲ್ಲಿ ಓಡಾಡಿದವಳು. ನಾಲ್ಕು ವರ್ಷದ ಕೆಳಗೆ ಸೋಸಲೆಗೆ ಕೊಟ್ರು. ಆ ಗುರುವಾರ ಹತ್ತಿದಾಗ ಮಂಗಳಮ್ಮ ಅವಳ ಆಧಾರ್ ನೋಡೋ ಶಾಸ್ತ್ರ ಮಾಡಿ ಸೊನ್ನೆ ಟಿಕೆಟ್ ಹರಿದು ಕೊಟ್ಟಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಅವರ ಟಿಕೆಟ್ಟಲ್ಲಿ ದುಡ್ಡಿನ ಜಾಗದಲ್ಲಿ ಬರೋದು ಬರೀ ಸೊನ್ನೆ. ಹುಡುಗಿ ನನ್ನ ಹಿಂದಿನ ಸೀಟಲ್ಲಿ ಕೂತು ಬಾಟ್ಲಿ ಎತ್ತಿದಳು. ಎತ್ತಿದ ಕೈ ಹಂಗೇ ನಿಂತೋಯ್ತು.

"ಮಂಗಳಕ್ಕ, ಈ ನೀರು ನೋಡಿ."

"ಏನು ಕಲಸಿದ್ದೀಯ, ಕೂಸೇ?"

"ಡಾಕ್ಟ್ರು ಬರ್ಕೊಟ್ಟ ಪುಡಿ. ದಿನಾ ಬೆಳಿಗ್ಗೆ ಎರಡು ಚಮಚ. ಮನೇಲಿ ಸ್ಟೀಲ್ ಲೋಟದಲ್ಲಿ ಕುಡೀತಿದ್ದೆ. ಇವತ್ತು ಟೈಮಾಗ್ಲಿಲ್ಲ, ಬಾಟ್ಲೀಲಿ ಕಲಸ್ಕೊಂಡು ಬಂದೆ."

"ದಿನಾ ಹಿಂಗೇ ತಳಕ್ಕೆ ಕೂರ್ತದಾ?"

"ಇಲ್ಲ ಅಕ್ಕ. ಹಾಕಿದ ತಕ್ಷಣ ಕರಗೋಗೋದು. ಮೊದಲನೇ ಡಬ್ಬಿ ತಂದಾಗ ಹದಿನಾರಲ್ಲಿ ಅವ್ವನ ಮನೇಲಿದ್ದೆ, ಗಾಜಿನ ಲೋಟದಲ್ಲಿ ಕುಡ್ದಿದ್ದೀನಲ್ಲ. ನೀರು ನೀರಾಗೇ ಇರೋದು."

"ರುಚಿ?"

"ಮೊದಲು ಸಣ್ಣಗೆ ಸಿಹಿ ಇತ್ತು. ಈಗ ಮೂರು ವಾರದಿಂದ ಸಪ್ಪೆ. ನನ್ನ ಬಾಯೇ ಕೆಟ್ಟದೆ ಅನ್ಕೊಂಡೆ." ಅವಳು ಬಾಟ್ಲಿ ದೂರ ಹಿಡಿದಳು. "ಅಕ್ಕ — ಯಾರಾದ್ರೂ ಏನಾದ್ರೂ ಹಾಕವ್ರಾ?"

ನನ್ನ ಕಾಲು ತಾನೇ ಬ್ರೇಕ್ ಮೇಲೆ ಹೋಯ್ತು. ಹಿಂದೆ ನಿಂತಿದ್ದ ತರಕಾರಿ ಮಂಚಮ್ಮ ಬದನೇಕಾಯಿ ಕುಕ್ಕೆ ಸಮೇತ ನನ್ನ ಹೆಗಲಿಗೆ ಬಂದಳು. "ಅಣ್ಣೋ, ಬಸ್ ಓಡಿಸ್ತೀಯೋ ಉಳ್ತೀಯೋ?" ಅಂದಳು.

ಮಂಗಳಮ್ಮ ಟಿಕೆಟ್ ಮೆಷಿನ್ ಮಡಿಲಿಗಿಟ್ಕೊಂಡು ಪಕ್ಕದಲ್ಲಿ ಕೂತಳು. ದನಿ ಇಳಿಸಿದಳು.

"ಪುಡಿ ಯಾತಕ್ಕೆ? ಪೂರ್ತಿ ಹೇಳು."

ಹುಡುಗಿ ಹೇಳಿದಳು. ಅವಳಿಗೆ ಇರೋದು ಪಿಸಿಓಎಸ್ ಅಂತೆ. ಅಂಡಾಶಯದಲ್ಲಿ ಸಾಸಿವೆ ಚೆಲ್ಲಿದಂಗೆ ಸಣ್ಣ ಸಣ್ಣ ಗುಳ್ಳೆ. ಮುಟ್ಟು ಮೂರು ತಿಂಗಳಿಗೊಂದ್ಸಲ, ಐದು ತಿಂಗಳಿಗೊಂದ್ಸಲ. ಅದಕ್ಕೆ ನಂಜನಗೂಡಿನ ಡಾಕ್ಟರಮ್ಮ ಇನೋಸಿಟಾಲ್ ಅನ್ನೋ ಪುಡಿ ಬರ್ಕೊಟ್ಟಿದ್ರು, ಜೊತೆಗೆ ಫೋಲಿಕ್ ಆಸಿಡ್ ಮಾತ್ರೆ, ವಿಟಮಿನ್ ಡಿ. ದಿನಾ ನಡೀಬೇಕು, ಸಿಹಿ ಕಮ್ಮಿ ಮಾಡ್ಬೇಕು. "ಇದು ಮಂತ್ರ ಅಲ್ಲಮ್ಮ, ಎಲ್ರಿಗೂ ಒಂದೇ ಥರ ಹಿಡಿಯಲ್ಲ. ಮೂರು ತಿಂಗಳು ತಪ್ಪದೆ ತಗೊ, ನೋಡಣ" ಅಂದಿದ್ರಂತೆ.

"ಹಿಡೀತಾ?"

"ಎರಡನೇ ತಿಂಗಳು ದಿನಕ್ಕೆ ಸರಿಯಾಗಿ ಮುಟ್ಟಾದೆ ಅಕ್ಕ. ಖುಷೀಲಿ ಅತ್ತೆಗೂ ಹೇಳ್ದೆ. ಈ ತಿಂಗಳು ಮತ್ತೆ ನಿಂತೋಗದೆ. ಕಡ್ಡಿ ಟೆಸ್ಟೂ ಮಾಡ್ದೆ, ಒಂದೇ ಗೆರೆ. ಅತ್ತೆ ಮೂರು ತಿಂಗಳು ಅಂತ ಗಡುವು ಕೊಟ್ಟಿದ್ರು. ಅದು ಮುಗೀತು."

"ಮುಗಿದ್ರೆ?"

"ಸೋಮವಾರ ಹುಲ್ಲಹಳ್ಳಿಯಿಂದ ಅತ್ತೆ ತಮ್ಮ ಬತ್ತಾವ್ರೆ, ಮಹಾದೇವಸ್ವಾಮಿ ಅಂತ. ನನ್ನ ಹದಿನಾರಿಗೆ ಕಳಿಸಿ, ಬಿಡುಗಡೆ ಪತ್ರ ಮಾಡ್ಸಿ, ಅವರ ಮಗಳನ್ನ ತರೋ ಮಾತು."

ಗುರುವಾರ. ಶುಕ್ರ, ಶನಿ, ಭಾನುವಾರ. ನಡುವೆ ಇದ್ದಿದ್ದು ಮೂರೇ ದಿನ.

"ಡಬ್ಬಿ ತಂದಿದ್ದೀಯಾ?"

ತಂದಿದ್ದಳು, ಡಾಕ್ಟರಿಗೆ ತೋರಿಸೋಕೆ. ಬಿಳೀ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದಾಗ ಒಳಗಿನ ಅಂಚಿಂದ ಮಡಚಿದ ಕಾಗದ ಒಂದು ಬಿತ್ತು.

"ಇದು?"

"ಮುಚ್ಚಳ ಸಡಿಲ ಆಗಿತ್ತು ಅಂತ ಯಾರೋ ಸಿಕ್ಕಿಸವ್ರೆ. ಹಳೇ ಬಸ್ ಟಿಕೆಟ್ಟು. ನಮ್ಮನೇಲಿ ಎಲ್ಲಾ ಡಬ್ಬಿಗೂ ಹಿಂಗೇ ಸಿಕ್ಕಿಸೋದು."

ನಾನೂ ಕಂಡೆ. ನಮ್ಮ ಬಸ್ಸಲ್ಲಿ ದಿನಕ್ಕೆ ಅಂಥವು ಸಾವಿರ ಬೀಳ್ತವೆ. ಅದನ್ನ ನೋಡಿ ನಾನು ಏನು ಮಾಡಲಿ? ಮಂಗಳಮ್ಮ ಮಾತ್ರ ಅದನ್ನ ಬಿಡಿಸಿ, ಕಿಟಕಿ ಬೆಳಕಿಗೆ ಹಿಡಿದು, ಒಂದು ಮಾತೂ ಆಡದೆ ತನ್ನ ಚರ್ಮದ ಬ್ಯಾಗಿಗೆ ಹಾಕ್ಕೊಂಡಳು.

ನಂಜನಗೂಡಲ್ಲಿ ನಮಗೆ ಮುಕ್ಕಾಲು ಗಂಟೆ ಬಿಡುವು. ಮೂವರೂ ಡಾಕ್ಟರಮ್ಮನ ಹತ್ರ ಓಡಿದ್ವಿ. ನರ್ಸಮ್ಮ ಒಂದು ಗಾಜಿನ ಕೊಳವೇಲಿ ಒಂದು ಚಮಚ ಪುಡಿ ಕರಗಿಸಿದಳು. ಅರ್ಧ ಕರಗಿತು. ಅರ್ಧ ತಳದಲ್ಲಿ ಕೂತಿತು. ಅದರ ಮೇಲೆ ಗಾಯಕ್ಕೆ ಹಚ್ಚೋ ಕಂದು ಅಯೋಡಿನ್ ಎರಡು ಹನಿ ಬಿಟ್ಟಳು. ತಳ ಕಪ್ಪು ನೀಲಿಗೆ ತಿರುಗಿತು.

"ವಿಷ ಅಲ್ಲ, ಹೆದರಬೇಡ," ಅಂದ್ರು ಡಾಕ್ಟರಮ್ಮ. "ಹಿಟ್ಟು. ನೋಡೋಕೆ ಅಕ್ಕಿಹಿಟ್ಟು. ಅರ್ಧಕ್ಕರ್ಧ ಬೆರೆಸಿದ್ದಾರೆ."

"ಹಂಗಾದ್ರೆ ಔಷಧಿ ನಂಗೆ ಹಿಡೀಲಿಲ್ಲ ಅಂತಲ್ಲ, ಅಲ್ವಾ ಮೇಡಂ?"

"ಹಿಡೀತು ಅಂತಾನೂ ಹೇಳಕ್ಕಾಗಲ್ಲ, ಹಿಡೀಲಿಲ್ಲ ಅಂತಾನೂ ಹೇಳಕ್ಕಾಗಲ್ಲ. ಹೊಸ ಡಬ್ಬಿ ತಗೊಂಡು ಮೊದಲಿಂದ ಶುರು ಮಾಡಬೇಕು."

"ಶುರು ಮಾಡೋಕೆ ಸೋಮವಾರ ಆದ್ಮೇಲೂ ನಾನು ಆ ಮನೇಲಿ ಇರ್ಬೇಕಲ್ಲ ಮೇಡಂ," ಅಂದಳು ಪವಿತ್ರ. ಡಾಕ್ಟರಮ್ಮನ ಪೆನ್ನು ಅಲ್ಲೇ ನಿಂತಿತು.

ವಾಪಸ್ ಬರುವಾಗ ಪವಿತ್ರ ಅವ್ವನಿಗೆ ವಿಷಯ ಹೇಳೋಕೆ ಹದಿನಾರಲ್ಲಿ ಇಳಿದಳು, ಬಸ್ಸು ಖಾಲಿ. ಮಂಗಳಮ್ಮ ಬಾನೆಟ್ ಪಕ್ಕ ಬಂದು ಕೂತಳು.

"ಅತ್ತೆ," ಅಂದೆ ನಾನು. "ಇನ್ಯಾರು? ತಮ್ಮನ ಮಗಳು ಬರ್ಬೇಕು, ಇವಳು ಹೋಗ್ಬೇಕು. ಲೆಕ್ಕ ಸರಿಯಾಗದೆ."

"ಮನೇಲಿ ಯಾರ್ಯಾರವ್ರೆ ಗೊತ್ತಾ ನಿಂಗೆ?"

"ಅತ್ತೆ ಪುಟ್ಟಬಸಮ್ಮ. ಗಂಡ ನಂಜೇಶ. ನಾದಿನಿ ನಂದಿತಾ, ಎಂಟು ತಿಂಗಳ ಬಸುರಿ, ಹೆರಿಗೆಗೆ ಬಂದವಳೆ. ಮಾವ ತೀರ್ಕೊಂಡು ಬೋ ದಿನ ಆಯ್ತು."

"ಸರಿ. ಒಂದು ಹೇಳು ಡ್ರೈವರಣ್ಣ. ನೀನು ಯಾರ್ದೋ ಬಸ್ ಕೆಡಿಸಬೇಕು ಅಂತಿಟ್ಕೊ. ಅರ್ಧ ಟೈರು ಬಿಚ್ತೀಯಾ?"

"ಪೂರ್ತಿ ಬಿಚ್ತೀನಿ. ಆರೂ."

"ಮತ್ತೆ ಈ ಡಬ್ಬೀಲಿ ಅರ್ಧ ಯಾಕೆ ಉಳಿಸವ್ರೆ?"

ನಾನು ಏಳನೇ ಕ್ಲಾಸನ್ನ ಮೂರು ಸಲ ಓದಿದವನು. ಮೂರು ಸಲದಲ್ಲೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಸೋಮವಾರ ಇಬ್ಬರೂ ವಾರದ ರಜಾ ಹಾಕ್ಕೊಂಡ್ವಿ. ನನ್ನ ಸ್ಕೂಟರಲ್ಲಿ ಸೋಸಲೆಗೆ ಹೋದಾಗ ಹತ್ತು ಗಂಟೆ. ಜಗುಲಿ ಮೇಲೆ ಹುಲ್ಲಹಳ್ಳಿ ಮಹಾದೇವಸ್ವಾಮಿ ಆಗಲೇ ಕೂತಿದ್ರು. ಮುಂದೆ ಎಲೆ ಅಡಿಕೆ ತಟ್ಟೆ. ಕಂಬಕ್ಕೆ ಒರಗಿ ನಂಜೇಶ, ನೆಲ ನೋಡ್ತಾ. ಬಾಗಿಲ ಒಳಗೆ ಪವಿತ್ರ. ಅವಳ ಬಟ್ಟೆ ಬ್ಯಾಗು ಕಟ್ಟಿ ಗೋಡೆಗೆ ಒರಗಿಸಿದ್ರು. ಕಟ್ಟಿದ್ದು ಯಾರೋ, ಅವಳಂತೂ ಅಲ್ಲ. ಗಂಟು ಸಿಟ್ಟಲ್ಲಿ ಬಿಗಿದಂಗಿತ್ತು.

ಪುಟ್ಟಬಸಮ್ಮ ನೀರು ತಂದ್ರು. ನನಗೆ ಸ್ಟೀಲ್ ಲೋಟ. ಮಂಗಳಮ್ಮನಿಗೆ ಕುಡಿದು ಬಿಸಾಕೋ, ಗಾಜಿನಂಗೆ ಒಳಗೆಲ್ಲ ಕಾಣೋ ಪ್ಲಾಸ್ಟಿಕ್ ಲೋಟ. ಮಂಗಳಮ್ಮ ಅದನ್ನ ತಗೊಂಡು, ಕುಡೀದೆ, ಪಕ್ಕದಲ್ಲಿಟ್ಕೊಂಡಳು.

"ಕಂಡಕ್ಟರ್ ಅಂದ್ರೆ ಟಿಕೆಟ್ ಅರಿದು ಕೊಡೋಳು," ಅಂದ್ರು ಪುಟ್ಟಬಸಮ್ಮ. "ನಮ್ಮನೆ ಮಾತು ನಿಂಗ್ಯಾಕವ್ವ?"

"ಟಿಕೆಟ್ ಇಲ್ದೋರನ್ನ ಇಳಿಸೋದು ನನ್ನ ಕೆಲಸ, ಅಮ್ಮಾವ್ರೆ. ಟಿಕೆಟ್ ಇರೋರನ್ನ ಅರ್ಧ ದಾರೀಲಿ ಇಳಿಸೋಕೆ ಬುಡಲ್ಲ. ಅದೂ ನನ್ನ ಕೆಲಸವೇ. ಕೂಸಿನವ್ವ ಕಳಿಸವ್ಳೆ, ಬಂದಿವ್ನಿ."

ಪವಿತ್ರನಿಂದ ಡಬ್ಬಿ ಈಸ್ಕೊಂಡಳು. ಆ ಪ್ಲಾಸ್ಟಿಕ್ ಲೋಟದ ನೀರಿಗೇ ಒಂದು ಚಮಚ ಪುಡಿ ಹಾಕಿ ತಿರುಗಿಸಿ ಜಗುಲಿ ನಡುವೆ ಇಟ್ಟಳು. ನಾವೆಲ್ಲ ನೋಡ್ತಾ ಕೂತ್ವಿ. ಸ್ಟೀಲ್ ಲೋಟ ಕೊಟ್ಟಿದ್ರೆ ಯಾರಿಗೂ ಕಾಣ್ತಿರಲಿಲ್ಲ. ಬೆಳ್ಳಗೆ, ನಿಧಾನಕ್ಕೆ, ತಳಕ್ಕೆ ಇಳೀತು.

"ಅಕ್ಕಿಹಿಟ್ಟು," ಅಂದಳು ಮಂಗಳಮ್ಮ. "ಮೂರು ವಾರದಿಂದ ಈ ಕೂಸು ಕುಡೀತಾ ಇರೋದು ಅರ್ಧ ಔಷಧಿ. ಡಾಕ್ಟ್ರು ನೋಡವ್ರೆ. ಅಮ್ಮಾವ್ರೆ, ಡಬ್ಬಿ ಮುಟ್ಟಿದ್ರಾ?"

"ಮುಟ್ಟಿದ್ರೆ ನನ್ನ ಕೈ ಸೇದೋಗ್ಲಿ." ಪುಟ್ಟಬಸಮ್ಮನ ದನಿ ಏರಲಿಲ್ಲ. ಅದೇ ಹೆದರಿಕೆ ಆಯ್ತು. "ಆ ಪುಡೀಲಿ ನಂಗೆ ನಂಬಿಕೆ ಇಲ್ಲ. ಇಲ್ಲ ಅಂತ ಮುಖದ ಮೇಲೇ ಯೋಳಿವ್ನಿ. ಆದ್ರೆ ಗಡುವು ಕೊಟ್ಟೋಳು ನಾನು. ಮೋಸ ಮಾಡಿ ಗೆಲ್ಲೋಳಾಗಿದ್ರೆ ಗಡುವು ಯಾಕೆ ಕೊಡ್ತಿದ್ದೆ?"

"ಅಕ್ಕಿಹಿಟ್ಟಿನ ಡಬ್ಬ ಯಾರ ಕೈಲಿರೋದು?"

ಒಳಗಿಂದ ನಂದಿತಾ ಹೊಟ್ಟೆ ಹಿಡ್ಕೊಂಡು ನಿಧಾನಕ್ಕೆ ಬಂದಳು.

"ನನ್ನ ಕೈಲಿ. ರೊಟ್ಟಿ ನಾನೇ ತಟ್ಟೋದು."

"ಆ ಪುಡಿ ಯಾವತ್ತಾದ್ರೂ ತಿಂದಿದ್ದೀಯಾ, ತಾಯಿ?"

ಅವಳ ಮುಖ ಬಿಳಚಿತು. "ಒಂದ್ಸಲ. ಬಂದ ಹೊಸದ್ರಲ್ಲಿ. ಒಂದೇ ಚಮಚ. ಮಗೀಗೆ ಒಳ್ಳೇದಿರ್ಬೇಕು ಅಂತ —"

"ಕೇಳಿ ತಿಂದ್ಯಾ?"

"ಇಲ್ಲ."

ಮಹಾದೇವಸ್ವಾಮಿ ಗಂಟಲು ಸರಿ ಮಾಡ್ಕೊಂಡ್ರು. ಪುಟ್ಟಬಸಮ್ಮ ಮಗಳ ಕಡೆ ತಿರುಗಿದ್ರು. ನನ್ನ ತಲೇಲೂ ಲೆಕ್ಕ ಕೂತಿತು — ಕೇಳ್ದೆ ತಿಂದವಳು, ಹಿಟ್ಟು ಕೈಲಿರೋಳು. ಅದಕ್ಕೇ ಅರ್ಧ.

"ಅತ್ತಿಗೆ, ಶಿವನಾಣೆ, ಆಮೇಲೆ ಮುಟ್ಟಿಲ್ಲ ಕಣೆ," ಅಂದಳು ನಂದಿತಾ. ಪವಿತ್ರ ಅವಳನ್ನೇ ನೋಡ್ತಿದ್ದಳು. ಕಣ್ಣು ಮಿಟುಕಿಸಲಿಲ್ಲ.

"ಅವಳಲ್ಲ," ಅಂದ ನಂಜೇಶ.

ನಾವು ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಮಂಗಳಮ್ಮ ಅವನ ಕಡೆ ತಿರುಗಲೂ ಇಲ್ಲ. "ಅಷ್ಟು ಗಟ್ಟಿಯಾಗಿ ಎಂಗೆ ಯೋಳ್ತೀರಿ, ನಂಜೇಶಪ್ನೋರೆ?"

"ನನ್ನ ತಂಗಿ. ನಂಗೆ ಗೊತ್ತು."

"ಸರಿ. ನೀವು ನಮ್ಮ ಬಸ್ಸಿಗೆ ಬರೋದೇ ಇಲ್ವಲ್ಲ?"

"ಬೈಕ್ ಅದೆ. ಬಸ್ ಅತ್ತಿ ಎರಡು ವರ್ಷ ಆಯ್ತು."

"ಮೂರು ವಾರದ ಕೆಳಗೆ, ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಕಬ್ಬಿನ ಗದ್ದೇಲಿ. ಯಾಕೆ?"

"ಇಡೀ ದಿನ?"

"ಇಡೀ ದಿನ."

ಮಂಗಳಮ್ಮ ಚರ್ಮದ ಬ್ಯಾಗು ತೆರೆದಳು. ಎರಡು ಬೆರಳಲ್ಲಿ ಆ ಮಡಚಿದ ಟಿಕೆಟ್ ತೆಗೆದು ಎಲೆ ಅಡಿಕೆ ತಟ್ಟೆ ಮೇಲೇ ಇಟ್ಟಳು.

"ಮಹಾದೇವಸ್ವಾಮಿಗಳೇ, ನಿಮ್ಮತ್ರ ಕನ್ನಡಕ ಅದೆ. ಅಕ್ಷರ ಮಾಸಿದೆ, ಬೆಳಕಿಗೆ ಹಿಡಿದು ಓದಿ. ಇದು ಡಬ್ಬಿ ಮುಚ್ಚಳದಲ್ಲಿ ಸಿಕ್ಕಿದ್ದು."

ಅವರು ಎತ್ಕೊಂಡ್ರು. "ನರಸೀಪುರದಿಂದ ನಂಜನಗೂಡು. ಒಬ್ಬರು. ತಾರೀಕು..." ಬೆರಳು ಮಡಚಿ ಎಣಿಸಿದ್ರು. "ಮಂಗಳವಾರವೇ ಬತ್ತದೆ. ಮೂರು ವಾರ."

"ಕೆಳಗೆ?"

"ದುಡ್ಡು."

"ಸೊನ್ನೆ ಅಲ್ವಾ?"

ಮಹಾದೇವಸ್ವಾಮಿ ಕನ್ನಡಕ ತೆಗೆದ್ರು. "ಸೊನ್ನೆ ಅಲ್ಲ."

"ಗುರುವಾರ ಬಸ್ಸಲ್ಲಿ ಇದು ನಾಲ್ಕು ಕಣ್ಣಿಗೆ ಬಿತ್ತು," ಅಂದಳು ಮಂಗಳಮ್ಮ. "ಎಲ್ರೂ ಟಿಕೆಟ್ ಚೂರು ಅಂತ ಬುಟ್ರು. ನಾನು ದಿನಾ ಹೆಂಗಸರಿಗೆ ಸೊನ್ನೆ ಹರಿಯೋಳು, ಗಂಡಸರಿಗೆ ದುಡ್ಡು ಹರಿಯೋಳು. ಅತ್ತೆಗೆ ಟಿಕೆಟ್ ಹರಿದ್ರೆ ಸೊನ್ನೆ. ನಾದಿನಿಗೆ ಸೊನ್ನೆ. ಸೊಸೆಗೆ ಸೊನ್ನೆ. ಈ ಮನೇಲಿ ಟಿಕೆಟ್ಟಿಗೆ ದುಡ್ಡು ಕೊಡೋರು ಒಬ್ರೇ."

ನಂಜೇಶನ ಬೆನ್ನು ಕಂಬಕ್ಕೆ ಇನ್ನೂ ಒತ್ತಿಕೊಂಡಿತು.

"ಮೊದಲು ನಂಗೂ ಅರ್ಥ ಆಗ್ಲಿಲ್ಲ. ಬೈಕ್ ಇರೋರು ಬಸ್ಸಲ್ಲಿ, ಅದೂ ನಮ್ಮದಲ್ಲದ ಬಸ್ಸಲ್ಲಿ, ಯಾಕೆ ಹೋದ್ರು? ಆ ಬೈಕ್ ನರಸೀಪುರದಲ್ಲೂ ನಂಜನಗೂಡಲ್ಲೂ ಎಲ್ರಿಗೂ ಗೊತ್ತು, ಹಿಂದೆ ಹೆಸರು ಬರ್ಸವ್ರೆ. ಎಲ್ಲಿ ನಿಲ್ಲಿಸಿದ್ರೂ ಅಲ್ಲಿ ಯಾಕೆ ಅಂತ ಯಾರಾದ್ರೂ ಕೇಳ್ತಾರೆ. ಇನ್ನೊಂದು — ಕೆಡಿಸೋಕೆ ಬಂದವರು ಡಬ್ಬಿ ಪೂರ್ತಿ ಚೆಲ್ತಾರೆ. ಇವ್ರು ಅರ್ಧ ಉಳಿಸವ್ರೆ. ಯಾಕೆ? ಕೂಸಿನ ಕೈಯಿಂದ ಕಿತ್ಕೊಳ್ಳೋ ಮನಸ್ಸಿಲ್ಲ. ಅವ್ರಿಗೂ ಅದು ಬೇಕಾಗದೆ."

"ಯಾಕೆ ಬೇಕು?" ಅಂದ್ರು ಪುಟ್ಟಬಸಮ್ಮ. "ಗಂಡಸಿಗೆ ಅದ್ಯಾಕೆ?"

ಮಂಗಳಮ್ಮ ಎದ್ದು ನಿಂತಳು.

"ಅದು ನಾನು ಯೋಳಲ್ಲ ಅಮ್ಮಾವ್ರೆ. ಅದು ಅವರ ಸ್ಟಾಪು. ಅವ್ರೇ ಇಳೀಬೇಕು."

ನಾನು ಬೇಕಾದಷ್ಟು ನೋಡಿದ್ದೀನಿ. ಹುಲ್ಲಹಳ್ಳಿ ನಾಲೆ ಏರಿ ಮೇಲೆ ಚಿರತೆ ಜೊತೆ ಕಣ್ಣಿಗೆ ಕಣ್ಣು ಕೊಟ್ಟು ಹಾರ್ನ್ ಮಾಡಿದ್ದೀನಿ, ಅದು ಸೈಡ್ ಕೊಟ್ಟದೆ. ಆದರೆ ಅವತ್ತು ನಂಜೇಶನ ಮುಖ ನೋಡೋಕೆ ಆಗದೆ ನನ್ನ ಲೋಟದ ನೀರು ನೋಡ್ತಾ ಕೂತೆ.

ನಂಜೇಶ ತಟ್ಟೆ ಹತ್ರ ಬಂದು ಆ ಟಿಕೆಟ್ ಎತ್ಕೊಂಡ. ಅದನ್ನೇ ನೋಡ್ತಾ ಮಾತಾಡಿದ.

"ಟೆಸ್ಟ್ ಮಾಡಿಸ್ದೆ. ನಂದು. ನರಸೀಪುರದ ಲ್ಯಾಬಲ್ಲಿ ಎಲ್ರಿಗೂ ನನ್ನ ಗುರುತು, ಅದಕ್ಕೆ ನಂಜನಗೂಡು. ಕಮ್ಮಿ ಅದೆ ಅಂದ್ರು. ಡಾಕ್ಟ್ರ ತಾವ ಓಗಿ ಅಂತ ಚೀಟಿ ಕೊಟ್ರು. ಓಗ್ಲಿಲ್ಲ."

"ಪುಡಿ?" ಅಂದಳು ಪವಿತ್ರ, ಬಾಗಿಲಿಂದ.

"ಮೆಡಿಕಲ್ ಸ್ಟೋರಲ್ಲಿ ಗುರುಪ್ರಸಾದ ಕೂರ್ತಾನೆ. ನನ್ನ ಜೊತೆ ಓದಿದವ್ನು. ಅವನ ಮುಂದೆ ಏನಂತ ಕೇಳ್ಲಿ? ಮಕ್ಳಾಗೋ ಪುಡಿ ಅಂದ್ಮೇಲೆ ಗಂಡ ಎಂಡ್ತಿ ಇಬ್ರಿಗೂ ಒಂದೇ ಅನ್ಕಂಡೆ. ಅರ್ಧ ನಂಗೆ, ಅರ್ಧ ನಿಂಗೆ. ಡಬ್ಬಿ ಬೇಗ ಖಾಲಿಯಾದ್ರೆ ಗೊತ್ತಾಗ್ತದೆ ಅಂತ ಹಿಟ್ಟು ಬೆರೆಸ್ದೆ. ತಿರುಗ್ಸಿ ತಿರುಗ್ಸಿ ಮುಚ್ಚಳ ಸಡಿಲ ಆಯ್ತು. ಜೇಬಲ್ಲಿ ಸಿಕ್ಕಿದ್ದ ಕಾಗದ ಸಿಕ್ಕಿಸ್ದೆ."

ಪವಿತ್ರ ಹೊಸಿಲು ದಾಟಿ ಬಂದಳು. ಅಳ್ತಾಳೆ ಅನ್ಕೊಂಡೆ. ಅಳಲಿಲ್ಲ.

"ಪುಡಿ ತಿಂದಿದ್ದು ಬುಡಿ. ಕೇಳಿದ್ರೆ ಪೂರ್ತಿ ಕೊಡ್ತಿದ್ದೆ. ಹುಲ್ಲಹಳ್ಳಿ ಮಾವ ಈ ತಟ್ಟೆ ಇಟ್ಟಾಗ ನೀವು ಇಲ್ಲೇ ಕೂತಿದ್ರಿ. ನನ್ನ ಬ್ಯಾಗ್ ಕಟ್ಟುವಾಗ ಇಲ್ಲೇ ಕೂತಿದ್ರಿ. ತಂಗಿ ಮೇಲೆ ಬಂದಾಗ ಬಾಯಿ ಬಂತು. ನನ್ನ ಮೇಲೆ ಬಂದಾಗ ಯಾಕೆ ಬರ್ಲಿಲ್ಲ?"

ನಂಜೇಶ ಕೈಲಿದ್ದ ಟಿಕೆಟ್ ಮತ್ತೆ ತಟ್ಟೇಲಿಟ್ಟ.

ಮಹಾದೇವಸ್ವಾಮಿ ಮೊದಲು ಎದ್ರು. ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡ್ರು. "ಅಕ್ಕ, ನಾನು ಬತ್ತೀನಿ. ನನ್ನ ಮಗಳ ಮಾತು ಇಲ್ಲಿಗೆ ಬುಡು," ಅಂದ್ರು. ಎಲೆ ಅಡಿಕೆ ಮುಟ್ಟದೆ ಹೊರಟ್ರು.

ಪುಟ್ಟಬಸಮ್ಮ ಎದ್ದು ಗೋಡೆ ಹತ್ರ ಹೋಗಿ ಆ ಬ್ಯಾಗಿನ ಗಂಟು ಬಿಚ್ಚಿದ್ರು. ಅವರದೇ ಗಂಟು, ಅವರಿಗೇ ಬೇಗ ಬಿಚ್ಚೋಕಾಗಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದ್ರು.

"ಗಡುವು ಇಟ್ಟೋಳು ನಾನು. ನಾನೇ ತೆಗೀತೀನಿ. ಇಬ್ರೂ ಓಗ್ರಪ್ಪ ಡಾಕ್ಟ್ರ ತಾವ."

"ಇಬ್ರೂ ಹೋಗೋದು ಆಮೇಲೆ," ಅಂದಳು ಪವಿತ್ರ. "ಮೊದಲು ಈ ಡಬ್ಬಿ ಅವ್ರೇ ಗುರುಪ್ರಸಾದಣ್ಣನ ಅಂಗಡಿಗೆ ತಗೊಂಡೋಗ್ಲಿ. ಇಂಥದ್ದೇ ಹೊಸದು ಕೊಡಪ್ಪ, ಎಂಡ್ತಿದು ನಾನು ಕೆಡಿಸ್ಬುಟ್ಟೆ ಅಂತ ಕೇಳಿ ತರ್ಲಿ."

ನಂಜೇಶ ಡಬ್ಬಿ ತಗೊಂಡ.

ನಾವು ಇಳಿಯುವಾಗ ಪುಟ್ಟಬಸಮ್ಮ ಹಿಂದೆ ಬಂದ್ರು. ಕೈಲಿ ಸ್ಟೀಲ್ ಚೊಂಬು. "ನೀರು ಕುಡೀಲೇ ಇಲ್ವಲ್ಲವ್ವ," ಅಂದ್ರು ಮಂಗಳಮ್ಮನಿಗೆ.

"ಬಸ್ಸಿಗೆ ಟೈಮಾಯ್ತು ಅಮ್ಮಾವ್ರೆ," ಅಂದಳು ಮಂಗಳಮ್ಮ.

ಅವತ್ತು ನಮಗೆ ರಜಾ. ಬಂದಿದ್ದು ನನ್ನ ಸ್ಕೂಟರಲ್ಲಿ. ಯಾವ ಬಸ್ಸು ಅಂತ ನಾನು ಕೇಳಲಿಲ್ಲ.

ಗುರುವಾರ ಏಳೂಕಾಲಿನ ಬಸ್ಸಿಗೆ ಇಬ್ಬರೂ ಹತ್ತಿದ್ರು. ಪವಿತ್ರ ಕಿಟಕಿ ಪಕ್ಕ, ಅವನು ಈಚೆ. ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಳು. ಮಂಚಮ್ಮ ಬದನೇಕಾಯಿ ಕುಕ್ಕೆ ಇಳಿಸಿ ಕೇಳೇ ಬಿಟ್ಟಳು.

"ಏನ್ಲಾ ನಂಜೇಶ, ಬೈಕ್ ಮಾರ್ಬುಟ್ಯಾ?"

"ಇಲ್ಲ ಕಣಕ್ಕ."

"ಮತ್ತೆ? ಎಂಡ್ತೀನ ಡಾಕ್ಟ್ರಿಗೆ ತೋರ್ಸೋಕಾ?"

ನಾನು ಕನ್ನಡೀಲಿ ನೋಡಿದೆ. ಅವನು ಹಿಂದೆ ತಿರುಗಿ ನೋಡಿದ. ಬಸ್ ತುಂಬ ಸೋಸಲೆ ಜನ.

"ನಂಗೆ ತೋರ್ಸೋಕೆ," ಅಂದ, ಎಲ್ರಿಗೂ ಕೇಳೋ ಹಂಗೆ. "ಅವ್ಳು ಜೊತೆಗೆ ಬತ್ತಾವ್ಳೆ."

ಮಂಚಮ್ಮನ ಬಾಯಿ ಮುಚ್ಚಿಕೊಂಡಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಇದನ್ನ ನಮ್ಮ ಡಿಪೋದಲ್ಲಿ ಯಾರೂ ನಂಬಲ್ಲ, ಮೀನು ಬಸ್ ತಳ್ಳಿದ್ದನ್ನ ಬೇಕಾದ್ರೆ ನಂಬ್ತಾರೆ.

ಮಂಗಳಮ್ಮ ಎರಡು ಟಿಕೆಟ್ ಹರಿದಳು. ಒಂದು ಸೊನ್ನೆ, ಒಂದು ದುಡ್ಡು. ನಂಜೇಶ ಕೈ ಚಾಚಿದ. ಅದಕ್ಕೂ ಮೊದಲೇ ಪವಿತ್ರ ಕೈ ಅಡ್ಡ ತಂದು ಎರಡನ್ನೂ ಈಸ್ಕೊಂಡು ತನ್ನ ಪರ್ಸಿಗೆ ಹಾಕಿದಳು.

"ನಿಮ್ಮ ಕೈಗೆ ಟಿಕೆಟ್ ಕೊಡಲ್ಲ," ಅಂದಳು.

ಮಂಗಳಮ್ಮ ಎರಡು ಸಲ ವಿಷಲ್ ಊದಿದಳು. ನಾನು ಗೇರ್ ಹಾಕಿದೆ.